ಕಂದಾಯ ಕಟ್ಟಿದವರ ಶಾಲೆ, ತೆರಿಗೆ ಕಟ್ಟುವವರ ರಿಯಾಯಿತಿ

ಪಿಯುಸಿ ಫಲಿತಾಂಶ ಬಂದು ಕಾಲೇಜುಗಳ ಬಾಗಿಲು ತೆರೆಯುವ ಹೊತ್ತಿಗೆ ಹೋಬಳಿ ಕೇಂದ್ರಗಳ ನಾಡಕಚೇರಿಗಳಲ್ಲಿ ಕೆಲಸ ಇಮ್ಮಡಿಯಾಗುತ್ತದೆ. ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಅಂಥದೊಂದು ಹೋಬಳಿ ಕೇಂದ್ರ. ಸುತ್ತಲ ಹಳ್ಳಿಗಳಿಂದ ಬರುವ ತಂದೆತಾಯಿಗಳಿಗೆ ಬೇಕಾಗಿರುವುದು ಜಾತಿ ಮತ್ತು ಆದಾಯ ಪ್ರಮಾಣಪತ್ರ. ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಹಾಸ್ಟೆಲ್ ಸೀಟು, ಬ್ಯಾಂಕ್ ಸಾಲದ ಬಡ್ಡಿಗೆ ಸಹಾಯಧನ ಎಲ್ಲಕ್ಕೂ ಅದೇ ಕೀಲಿಕೈ. ಇದೇ ಊರಿನಿಂದ ಬೆಳಗಿನ ಬಸ್ಸು ಹಿಡಿದು ಬೆಂಗಳೂರಿನ ಕಚೇರಿಗೋ ದಾಬಸ್‌ಪೇಟೆಯ ಕಾರ್ಖಾನೆಗೋ ಹೋಗುವ ಸಂಬಳದಾರನ ಕೈಯಲ್ಲಿರುವ ಕಾಗದ ಬೇರೆ. ಸಂಬಳದಲ್ಲಿ ತೆರಿಗೆ ಮುರಿದುಕೊಂಡದ್ದಕ್ಕೆ ಕಂಪನಿ ಕೊಡುವ ಪ್ರಮಾಣಪತ್ರ ಅದು. ಮಗಳ ಕಾಲೇಜು ಶುಲ್ಕದ ರಸೀದಿ, ಶಿಕ್ಷಣ ಸಾಲಕ್ಕೆ ಕಟ್ಟಿದ ಬಡ್ಡಿಯ ಲೆಕ್ಕ ಇವೆರಡನ್ನೂ ತೋರಿಸಿದರೆ ಅದರಲ್ಲಿನ ತೆರಿಗೆಯ ಮೊತ್ತ ಒಂದಿಷ್ಟು ಇಳಿಯುತ್ತದೆ.

ಮೊದಲ ಕಾಗದ ‘ನನಗೆ ಆದಾಯ ಕಡಿಮೆ’ ಎನ್ನುತ್ತದೆ. ಎರಡನೆಯದು ‘ನಾನು ತೆರಿಗೆ ಕಟ್ಟುವವನು’ ಎನ್ನುತ್ತದೆ. ಕಾಲೇಜು ಓದಿಗೆ ಸರ್ಕಾರದಿಂದ ನೆರವು ಪಡೆಯಲು ಇರುವ ಎರಡು ದಾರಿಗಳಿವು. ಎರಡರಲ್ಲೂ ಸಲ್ಲದ ಮನೆಗಳು ನಡುವೆ ಬಹಳಷ್ಟಿವೆ. ಆದಾಯದ ಮಿತಿಯನ್ನು ಸ್ವಲ್ಪ ದಾಟಿದ, ಆದರೆ ಆದಾಯ ತೆರಿಗೆಯ ಲೆಕ್ಕಕ್ಕೇ ಬಾರದ ಸಣ್ಣ ಹಿಡುವಳಿಯ ರಾಗಿ ಬೆಳೆಗಾರ, ದಿನಸಿ ಅಂಗಡಿಯವ, ಲಾರಿ ಚಾಲಕ ಇಂಥವರ ಮನೆಗಳು. ಈ ಎರಡು ದಾರಿಗಳು ಹೇಗೆ ಕವಲೊಡೆದವು ಎಂಬುದಕ್ಕೆ ಸುಮಾರು ಒಂದೂವರೆ ಶತಮಾನದ ಕಥೆಯಿದೆ.

ಹೋಬಳಿಗೊಂದು ಶಾಲೆ

ತ್ಯಾಮಗೊಂಡ್ಲು ಹಿಂದಿನಿಂದಲೂ ಧಾನ್ಯದ ವ್ಯಾಪಾರಕ್ಕೆ ಹೆಸರಾದ ಊರು. ರೈತರು ಕಂದಾಯ ಕಟ್ಟುವವರು, ವರ್ತಕರು ಸುಂಕ ಕೊಡುವವರು. ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿದ್ದ ಕಾಲದಲ್ಲಿ, 1868ರಲ್ಲಿ, ಶಿಕ್ಷಣ ಇಲಾಖೆಯಲ್ಲಿದ್ದ ಬಿ.ಎಲ್. ರೈಸ್ ಒಂದು ಯೋಜನೆ ಮುಂದಿಟ್ಟರು. ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳನ್ನು ಹೊರತಂದ ರೈಸ್ ಅವರೇ ಇವರು. ಪ್ರತಿ ಹೋಬಳಿಯಲ್ಲಿ ಕನ್ನಡ ಕಲಿಸುವ ಒಂದು ಸರ್ಕಾರಿ ಶಾಲೆ ಇರಬೇಕೆಂಬುದು ಯೋಜನೆಯ ತಿರುಳು. ಖರ್ಚಿಗೆ ಹಣ ಎಲ್ಲಿಂದ? ಭೂಕಂದಾಯದ ಜೊತೆಗೆ ವಸೂಲಾಗುತ್ತಿದ್ದ ಸ್ಥಳೀಯ ಸೆಸ್ಸಿನ ಒಂದು ಪಾಲನ್ನು ಇದಕ್ಕೆ ತೆಗೆದಿಟ್ಟರು.

ಇಲ್ಲಿನ ತರ್ಕ ಸರಳ. ರೈತ ಕಂದಾಯದ ಜೊತೆಗೆ ಕೆಲವು ಕಾಸು ಹೆಚ್ಚಾಗಿ ಕಟ್ಟುತ್ತಾನೆ, ಆ ಕಾಸಿನಿಂದ ಅವನ ಹೋಬಳಿಯಲ್ಲೇ ಶಾಲೆ ನಡೆಯುತ್ತದೆ. ಕಟ್ಟಿದ ಹಣವೂ ಕಲಿಯುವ ಮಗುವೂ ಒಂದೇ ಊರಿನಲ್ಲಿರುತ್ತಿದ್ದವು. ಇಂಥ ಹಣದಿಂದ ನಡೆದ ಶಾಲೆಯ ಜಗಲಿ ಎಲ್ಲ ಜಾತಿಯ ಮಕ್ಕಳಿಗೂ ಸಮನಾಗಿ ತೆರೆದಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಸೆಸ್ಸು ಹೊಲದ ಮೇಲೆ ಬೀಳುತ್ತಿತ್ತು, ಹೊಲದಲ್ಲಿ ದುಡಿಯುವವರ ಮಕ್ಕಳು ಬಹುಕಾಲ ಹೊರಗೇ ಉಳಿದರು.

ಆದಾಯ ತೆರಿಗೆಯ ಹುಟ್ಟು ಬೇರೆ ಕಡೆಯದು. 1857ರ ದಂಗೆಯ ಸಾಲ ತೀರಿಸಲು 1860ರಲ್ಲಿ ಜೇಮ್ಸ್ ವಿಲ್ಸನ್ ಅದನ್ನು ಬ್ರಿಟಿಷ್ ಇಂಡಿಯಾಕ್ಕೆ ತಂದರು. ಅದು ಐದು ವರ್ಷ ನಡೆದು ನಿಂತಿತು. 1886ರಲ್ಲಿ ಶಾಶ್ವತ ಕಾಯ್ದೆ ಬಂದಾಗ ಕೃಷಿ ಆದಾಯವನ್ನು ಹೊರಗಿಡಲಾಯಿತು. ಭೂಮಿಯವರು ಆಗಲೇ ಕಂದಾಯ ಕಟ್ಟುತ್ತಿದ್ದಾರೆ, ಎರಡೆರಡು ಹೊರೆ ಬೇಡ ಎಂಬುದು ಕೊಟ್ಟ ಕಾರಣ. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದಾಯ ತೆರಿಗೆ ಕಾಯ್ದೆ ಬಂದದ್ದು 1923ರಲ್ಲಿ. 1950ರಲ್ಲಿ ಅದು ಕೇಂದ್ರದ ವ್ಯವಸ್ಥೆಯೊಳಗೆ ಸೇರಿಹೋಯಿತು. ಸಂವಿಧಾನ ಕೃಷಿ ಆದಾಯದ ಮೇಲಿನ ತೆರಿಗೆಯನ್ನು ರಾಜ್ಯಗಳ ಪಟ್ಟಿಯಲ್ಲಿಟ್ಟಿತು. ಮುಂದೆ ಕಂದಾಯ ನಾಮಮಾತ್ರವಾಗಿ ಉಳಿದರೂ ಕೃಷಿಕ ಕೇಂದ್ರದ ತೆರಿಗೆಯ ಹೊರಗೇ ಉಳಿದ. ಇದು ಅವನಿಗೆ ಅನುಕೂಲವೇ. ಆದರೆ ತೆರಿಗೆಯ ಮೂಲಕ ಹಂಚುವ ರಿಯಾಯಿತಿಗಳ ಹೊರಗೂ ಅವನು ಉಳಿಯುತ್ತಾನೆ ಎಂಬುದು 1886ರಲ್ಲಿ ಯಾರಿಗೂ ಹೊಳೆಯುವಂಥ ಮಾತಾಗಿರಲಿಲ್ಲ.

ವಾರಾನ್ನ, ಛತ್ರ, ವಿದ್ಯಾರ್ಥಿವೇತನ

ಹೋಬಳಿ ಶಾಲೆ ಮುಗಿಸಿದ ಹುಡುಗ ಹೈಸ್ಕೂಲಿಗೆ, ಕಾಲೇಜಿಗೆ ಹೋಗಬೇಕಾದರೆ ಊರು ಬಿಡಲೇಬೇಕಿತ್ತು. ಆಗ ಶುಲ್ಕಕ್ಕಿಂತ ದೊಡ್ಡ ಸಮಸ್ಯೆ ಊಟ. ವಾರದ ಏಳು ದಿನ ಏಳು ಮನೆಗಳಲ್ಲಿ ಉಣ್ಣುವ ವಾರಾನ್ನದ ಪದ್ಧತಿ ಅನೇಕರನ್ನು ಓದಿಸಿತು. ಅದೂ ಜಾತಿಯ ಗೆರೆಯೊಳಗಿನ ಏರ್ಪಾಡೇ ಆಗಿತ್ತು. ವಾರದ ಮನೆ ಸಿಗದ ಸಮುದಾಯಗಳು ತಮ್ಮವೇ ವಿದ್ಯಾರ್ಥಿನಿಲಯಗಳನ್ನು ಕಟ್ಟಿಕೊಳ್ಳತೊಡಗಿದವು. ಬೆಂಗಳೂರಿನ ರೈಲು ನಿಲ್ದಾಣದ ಬಳಿ ಛತ್ರ ಕಟ್ಟಿಸಿದ ವರ್ತಕ ಗುಬ್ಬಿ ತೋಟದಪ್ಪನವರ ಹೆಸರು ವಿದ್ಯಾರ್ಥಿನಿಲಯದ ಮೂಲಕವೂ ನೆನಪಿನಲ್ಲಿದೆ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದ ಆರಂಭದ ಕೆಲಸಗಳಲ್ಲೂ ವಿದ್ಯಾರ್ಥಿನಿಲಯವೇ ಮುಖ್ಯವಾಗಿತ್ತು. ತ್ಯಾಮಗೊಂಡ್ಲು ಸೀಮೆಗೆ ಹತ್ತಿರದ ತುಮಕೂರಿನ ಸಿದ್ಧಗಂಗಾ ಮಠವಂತೂ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಪಾಠ ಮೂರನ್ನೂ ಕೊಟ್ಟಿದೆ. ಅಲ್ಲಿ ಅರ್ಹತೆಯ ಪ್ರಶ್ನೆ ಬಹಳ ಚಿಕ್ಕದು: ಹಸಿದಿದ್ದೀಯಾ, ಓದುತ್ತೀಯಾ?

ಎಚ್. ನರಸಿಂಹಯ್ಯನವರು 1935ರಲ್ಲಿ ಗೌರಿಬಿದನೂರು ಬಳಿಯ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದ ಪ್ರಸಂಗ ಎಲ್ಲರಿಗೂ ಗೊತ್ತು. ಎಂಬತ್ತಕ್ಕೂ ಹೆಚ್ಚು ಕಿಲೋಮೀಟರಿನ ದಾರಿ. ನ್ಯಾಷನಲ್ ಹೈಸ್ಕೂಲು ಸೇರಬೇಕು, ಬಸ್ಸಿಗೆ ಕಾಸಿಲ್ಲ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಈ ಹುಡುಗನಿಗೆ ನೆಲೆಯಾದದ್ದು ಬಡ ವಿದ್ಯಾರ್ಥಿಗಳ ಉಚಿತ ನಿಲಯ.

ಸರ್ಕಾರ ಅರ್ಹತೆಯ ಪಟ್ಟಿ ಹಿಡಿದು ಈ ಕ್ಷೇತ್ರಕ್ಕೆ ಬಂದದ್ದು ಸ್ವಲ್ಪ ತಡವಾಗಿ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ನೇಮಿಸಿದ ಲೆಸ್ಲಿ ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಡಬೇಕೆಂದದ್ದು ಪ್ರಸಿದ್ಧ. ವಿದ್ಯಾರ್ಥಿವೇತನ ಮತ್ತು ವಿದ್ಯಾರ್ಥಿನಿಲಯಗಳ ಮಾತನ್ನೂ ಅದು ಆಡಿತ್ತು, ಆ ಭಾಗ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಬ್ರಿಟಿಷ್ ಇಂಡಿಯಾ ಸರ್ಕಾರ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಆರಂಭಿಸಿದ್ದು 1944ರಲ್ಲಿ. ಈಗಲೂ ನಡೆಯುತ್ತಿರುವ ಆ ಯೋಜನೆಗೆ ಇಂದಿನ ವಾರ್ಷಿಕ ಆದಾಯ ಮಿತಿ 2.5 ಲಕ್ಷ ರೂಪಾಯಿ. ನಾಡಕಚೇರಿಯ ಸಾಲಿನ ಮೂಲ ಇಲ್ಲಿದೆ.

ಮನೆತನದ ಹಣ, ಮಗನ ಗಳಿಕೆ

ಓದಿಸುವ ಖರ್ಚು ಯಾರದು, ಓದಿನ ಫಲ ಯಾರದು ಎಂಬ ಪ್ರಶ್ನೆ ತೆರಿಗೆ ಕಾನೂನಿಗೂ ಮೊದಲೇ ಹಿಂದೂ ಕಾನೂನನ್ನು ಕಾಡಿತ್ತು. ಮಿತಾಕ್ಷರದ ಪ್ರಕಾರ ಅವಿಭಕ್ತ ಕುಟುಂಬದ ಹಣದಿಂದ ವಿಶೇಷ ವಿದ್ಯೆ ಕಲಿತವನ ಗಳಿಕೆಯಲ್ಲಿ ಅಣ್ಣತಮ್ಮಂದಿರಿಗೂ ಪಾಲಿತ್ತು. 1921ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲು ಈ ತತ್ವವನ್ನು ಒಬ್ಬ ಐಸಿಎಸ್ ಅಧಿಕಾರಿಯ ಸಂಬಳಕ್ಕೂ ಅನ್ವಯಿಸಿಬಿಟ್ಟಿತು. ಮನೆಯ ದುಡ್ಡಿನಲ್ಲಿ ಇಂಗ್ಲೆಂಡಿಗೆ ಹೋಗಿ ಓದಿಬಂದವನ ಸಂಬಳ ಮನೆಗೆಲ್ಲ ಸೇರಿದ್ದು ಎಂದಾಯಿತು. ವಿದ್ಯಾವಂತರು ಗಾಬರಿಯಾದರು. 1930ರಲ್ಲಿ ‘ಹಿಂದೂ ವಿದ್ಯಾರ್ಜಿತ ಕಾಯ್ದೆ’ ಬಂದು, ಓದಿಗೆ ಯಾರೇ ಖರ್ಚು ಮಾಡಿರಲಿ, ಗಳಿಕೆ ಓದಿದವನದೇ ಎಂದು ಹೇಳಿತು.

ಕಾನೂನು ಹೀಗೆ ಗಳಿಕೆಯನ್ನು ಮನೆತನದಿಂದ ಬಿಡಿಸಿ ವ್ಯಕ್ತಿಗೆ ಕೊಟ್ಟಿತು. ಖರ್ಚು ಮಾತ್ರ ಮನೆತನದ ತಲೆಯ ಮೇಲೇ ಉಳಿಯಿತು. ಅಣ್ಣ ಪಿಯುಸಿಗೇ ಓದು ಬಿಟ್ಟು ಕಾರ್ಖಾನೆ ಸೇರಿ ತಂಗಿಯನ್ನು ಎಂಜಿನಿಯರಿಂಗ್ ಓದಿಸುವುದು, ಸೋದರಮಾವ ಅಕ್ಕನ ಮಗನ ಶುಲ್ಕ ಕಟ್ಟುವುದು ನಮ್ಮ ಕಡೆ ಇಂದಿಗೂ ಮಾಮೂಲು. ಮುಂದೆ ಬಂದ ತೆರಿಗೆ ರಿಯಾಯಿತಿಗಳಲ್ಲಿ ಈ ಅಣ್ಣನಿಗೂ ಮಾವನಿಗೂ ಸ್ಥಾನವಿಲ್ಲ. ಅವಿಭಕ್ತ ಕುಟುಂಬವನ್ನು ಪ್ರತ್ಯೇಕ ತೆರಿಗೆದಾರನೆಂದು ಒಪ್ಪುವ ಕಾನೂನು, ಆ ಕುಟುಂಬ ತನ್ನ ಹುಡುಗನನ್ನು ಓದಿಸಿದಾಗ ಅದನ್ನು ಗುರುತಿಸದೆ ಇರುವುದು ವಿಚಿತ್ರವೇ ಸರಿ.

ತೆರಿಗೆಯವರ ‘ಶಿಕ್ಷಣ’

1961ರ ಆದಾಯ ತೆರಿಗೆ ಕಾಯ್ದೆ ಬಂದಾಗ ವಿದ್ಯಾರ್ಥಿಗೆ ನೇರವಾಗಿ ಸಂಬಂಧಿಸಿದ ಒಂದು ಪುಟ್ಟ ಉಪವಾಕ್ಯ ಅದರಲ್ಲಿತ್ತು. ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನ ಆದಾಯವಲ್ಲ, ಅದಕ್ಕೆ ತೆರಿಗೆಯಿಲ್ಲ ಎಂದು. ಶಿಕ್ಷಣವನ್ನು ಧರ್ಮಾರ್ಥ ಉದ್ದೇಶಗಳಲ್ಲಿ ಸೇರಿಸಿ ಟ್ರಸ್ಟುಗಳಿಗೆ ವಿನಾಯಿತಿಯನ್ನೂ ಕೊಟ್ಟಿತ್ತು. ಆದರೆ ಶಿಕ್ಷಣವೆಂದರೇನು?

ಈ ಪ್ರಶ್ನೆಗೆ ಸುಪ್ರೀಂ ಕೋರ್ಟು ಉತ್ತರ ಹೇಳಬೇಕಾಗಿ ಬಂದದ್ದು ಒಂದು ಕನ್ನಡದ ಮೊಕದ್ದಮೆಯಲ್ಲಿ. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’ ಪತ್ರಿಕೆಗಳನ್ನು ಪ್ರಕಟಿಸುತ್ತಿದ್ದ ಹುಬ್ಬಳ್ಳಿಯ ಲೋಕ ಶಿಕ್ಷಣ ಟ್ರಸ್ಟ್, ಪತ್ರಿಕೆಯ ಮೂಲಕ ಜನರಿಗೆ ತಿಳಿವಳಿಕೆ ಕೊಡುವುದೂ ಶಿಕ್ಷಣವೇ, ಆದ್ದರಿಂದ ತೆರಿಗೆ ವಿನಾಯಿತಿ ಬೇಕು ಎಂದು ವಾದಿಸಿತ್ತು. 1975ರಲ್ಲಿ ತೀರ್ಪು ಟ್ರಸ್ಟಿಗೆ ವಿರುದ್ಧವಾಗಿ ಬಂತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಬರೆದ ವಿವರಣೆ ಸ್ವಾರಸ್ಯವಾಗಿದೆ. ತಿಳಿವಳಿಕೆ ಹೆಚ್ಚಿಸುವುದೆಲ್ಲ ಶಿಕ್ಷಣವಾದರೆ ಪ್ರವಾಸವೂ ಶಿಕ್ಷಣ, ಮೃಗಾಲಯ ನೋಡುವುದೂ ಶಿಕ್ಷಣ. ಜೇಬು ಕತ್ತರಿಸಿದ ಕಳ್ಳ ಕೂಡ ಒಂದು ಪಾಠ ಕಲಿಸಿ, ಬಡವನನ್ನಾಗಿ ಮಾಡಿದರೂ ಜಾಣನನ್ನಾಗಿ ಮಾಡಿಹೋಗುತ್ತಾನೆ ಎಂಬ ಧಾಟಿ ಅವರದು. ಕಾಯ್ದೆಯ ಮಟ್ಟಿಗೆ ಶಿಕ್ಷಣವೆಂದರೆ ಎಳೆಯರನ್ನು ಬದುಕಿನ ಕೆಲಸಕ್ಕೆ ಸಿದ್ಧಗೊಳಿಸುವ ಕ್ರಮಬದ್ಧ ಬೋಧನೆ ಮಾತ್ರ ಎಂದು ಅವರು ಗೆರೆ ಎಳೆದರು.

ಓದುಗರಿಗೆ ನಾಡು, ನುಡಿ, ರಾಜಕಾರಣವನ್ನು ಕಲಿಸಿದ ಪತ್ರಿಕೆ ಶಿಕ್ಷಣವಲ್ಲವೆಂದು ಕೇಳಿ ಕನ್ನಡಿಗರಿಗೆ ಕಸಿವಿಸಿಯಾದರೆ ಆಶ್ಚರ್ಯವಿಲ್ಲ. ಆದರೆ ಗೆರೆ ಎಲ್ಲಾದರೂ ಬೀಳಲೇಬೇಕಿತ್ತು. ತರಗತಿ, ಪಠ್ಯಕ್ರಮ, ಪೂರ್ಣಾವಧಿ ಎಂಬ ಮಾತುಗಳು ವಿದ್ಯಾರ್ಥಿಯ ರಿಯಾಯಿತಿಯಲ್ಲೂ ಮುಂದೆ ಪದೇ ಪದೇ ಕಾಣಿಸಿಕೊಳ್ಳುತ್ತವೆ.

ಇಪ್ಪತ್ತೈದು ಸಾವಿರದ ಕಾಲ

ಎಂಬತ್ತರ ದಶಕದಲ್ಲಿ ಕರ್ನಾಟಕದ ಖಾಸಗಿ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳು ದೇಶಕ್ಕೆಲ್ಲ ಪ್ರಸಿದ್ಧವಾದವು. ಹಾಗೆಯೇ ಅವುಗಳ ‘ಡೊನೇಷನ್’ ಕೂಡ. ತಲೆವಂತಿಗೆ ನಿಷೇಧಿಸುವ ಕಾಯ್ದೆಯನ್ನು ರಾಜ್ಯ 1984ರಲ್ಲೇ ಮಾಡಿತು. ಅದರ ಅಡಿಯಲ್ಲಿ 1989ರಲ್ಲಿ ಹೊರಟ ಅಧಿಸೂಚನೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಹೀಗೆ ಗೊತ್ತುಮಾಡಿತು: ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000ದವರೆಗೆ. ತುಮಕೂರಿನ ಒಂದು ವೈದ್ಯಕೀಯ ಕಾಲೇಜಿನ ಸೀಟಿನಿಂದ ಹುಟ್ಟಿ ಸುಪ್ರೀಂ ಕೋರ್ಟಿಗೆ ಹೋದ ‘ಮೋಹಿನಿ ಜೈನ್’ ಮೊಕದ್ದಮೆ ಇದೇ ಅಧಿಸೂಚನೆಯನ್ನು ಪ್ರಶ್ನಿಸಿದ್ದು. ಇಂಥ ಶುಲ್ಕ ತಲೆವಂತಿಗೆಯೇ ಎಂದು 1992ರಲ್ಲಿ ಕೋರ್ಟು ಹೇಳಿತು. ಮರುವರ್ಷ ‘ಉಣ್ಣಿಕೃಷ್ಣನ್’ ತೀರ್ಪು ಉಚಿತ ಸೀಟು, ಪಾವತಿ ಸೀಟು ಎಂಬ ಎರಡು ವರ್ಗ ಮಾಡಿತು. ಕರ್ನಾಟಕದಲ್ಲಿ ಸಿಇಟಿ ಆರಂಭವಾಯಿತು. ಪಾವತಿ ಸೀಟು ಕಾನೂನುಬದ್ಧವಾದ ಮೇಲೆ ಪಾವತಿಗೆ ಹಣವೂ ಬೇಕಲ್ಲ?

ಇದೇ ಹೊತ್ತಿನಲ್ಲಿ, 1994ರ ಬಜೆಟ್ಟಿನಲ್ಲಿ, ಹಣಕಾಸು ಸಚಿವ ಮನಮೋಹನ್ ಸಿಂಗ್ ಆದಾಯ ತೆರಿಗೆ ಕಾಯ್ದೆಗೆ 80-ಇ ಎಂಬ ಕಲಂ ಸೇರಿಸಿದರು. ಉನ್ನತ ಶಿಕ್ಷಣಕ್ಕೆ ಸಾಲ ಮಾಡಿ ಓದಿದವನು ಸಾಲ ತೀರಿಸುವಾಗ, ವರ್ಷಕ್ಕೆ 25,000 ರೂಪಾಯಿವರೆಗಿನ ಕಂತನ್ನು ತೆರಿಗೆಗೆ ಒಳಪಡುವ ಆದಾಯದಿಂದ ಕಳೆದುಕೊಳ್ಳಬಹುದು. ಎಂಟು ವರ್ಷ ಮಾತ್ರ. ಖಾಸಗಿ ವೈದ್ಯಕೀಯ ಸೀಟಿನ ಮೊತ್ತವೂ ಇದೂ ಒಂದೇ ಆದದ್ದು ಕಾಕತಾಳೀಯ.

ಈ ಕಲಮಿನ ನಿಜವಾದ ಸ್ವಾರಸ್ಯ ಮೊತ್ತದಲ್ಲಿಲ್ಲ, ಅರ್ಹತೆಯ ವ್ಯಾಖ್ಯೆಯಲ್ಲಿದೆ. ‘ಉನ್ನತ ಶಿಕ್ಷಣ’ವೆಂದರೆ ಎಂಜಿನಿಯರಿಂಗ್, ವೈದ್ಯಕೀಯ, ಮ್ಯಾನೇಜ್‌ಮೆಂಟ್‌ಗಳಲ್ಲಿ ಪೂರ್ಣಾವಧಿಯ ಪದವಿ ಅಥವಾ ಸ್ನಾತಕೋತ್ತರ ಓದು. ಇಲ್ಲವೇ ಗಣಿತ, ಸಂಖ್ಯಾಶಾಸ್ತ್ರವೂ ಸೇರಿದಂತೆ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ. ಇಷ್ಟೇ. ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವನು ಇದರೊಳಗಿಲ್ಲ. ಬಿ.ಎ., ಬಿ.ಕಾಂ., ಕಾನೂನು, ಬಿ.ಇಡಿ. ಇಲ್ಲ. ಮಾನಸಗಂಗೋತ್ರಿಯಲ್ಲಿ ಸಾಲ ಮಾಡಿ ಕನ್ನಡ ಎಂ.ಎ. ಮುಗಿಸಿ ಮೇಷ್ಟರಾದವನ ಓದು ಆದಾಯ ತೆರಿಗೆಯ ದೃಷ್ಟಿಯಲ್ಲಿ ಉನ್ನತ ಶಿಕ್ಷಣವೇ ಆಗಿರಲಿಲ್ಲ. ಈ ಸ್ಥಿತಿ ಒಂದೆರಡು ವರ್ಷವಲ್ಲ, ಹದಿನೈದು ವರ್ಷ ನಡೆಯಿತು. 1963ರಲ್ಲಿ ಆರಂಭವಾಗಿದ್ದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯ ಮನೋಭಾವ ಇದಕ್ಕೆ ತದ್ವಿರುದ್ಧವಾಗಿತ್ತು. ಬಡ್ಡಿಯಿಲ್ಲದ ಆ ಸಾಲ ಪಡೆದವರು ಮೇಷ್ಟರಾದರೆ ಸೇವೆಯ ಪ್ರತಿ ವರ್ಷಕ್ಕೂ ಸಾಲದ ಹತ್ತನೇ ಒಂದು ಭಾಗ ಮನ್ನಾ ಆಗುತ್ತಿತ್ತು.

80-ಇ ಕಲಮಿಗೆ ಆದ ತಿದ್ದುಪಡಿಗಳನ್ನು ಸಾಲಾಗಿ ನೋಡಿದರೆ ಸಮಾಜದ ಬದಲಾವಣೆಯೇ ಕಾಣುತ್ತದೆ. 1994ರ ಕಾನೂನಿನ ಕಣ್ಣಮುಂದೆ ಇದ್ದವನು ತಾನೇ ಸಾಲ ಮಾಡಿ, ಓದಿ, ಕೆಲಸ ಹಿಡಿದು ತೀರಿಸುವ ಒಬ್ಬಂಟಿ ಯುವಕ. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆ ಬಂದು ಸಾಲಗಳು ಬೆಳೆದವು. 2005ರಲ್ಲಿ ಅಸಲಿನ ರಿಯಾಯಿತಿ ಕಿತ್ತುಹಾಕಿ, ಬಡ್ಡಿಗೆ ಮಾತ್ರ, ಆದರೆ ಯಾವ ಮಿತಿಯೂ ಇಲ್ಲದೆ ರಿಯಾಯಿತಿ ಕೊಟ್ಟರು. ದೊಡ್ಡ ಸಾಲದವನಿಗೆ ಇದು ಲಾಭ, ಚಿಕ್ಕ ಸಾಲವನ್ನು ಬೇಗ ತೀರಿಸುವವನಿಗೆ ನಷ್ಟ. 2007ರಲ್ಲಿ ಹೆಂಡತಿ, ಗಂಡ, ಮಕ್ಕಳ ಓದಿಗೆ ಮಾಡಿದ ಸಾಲವೂ ಸೇರಿತು. ಬ್ಯಾಂಕಿನವರು ಸಾಲ ಕೊಡುವಾಗ ನೋಡುವುದು ತಂದೆಯ ಮುಖವನ್ನೇ ಎಂಬ ಸತ್ಯ ಕಾನೂನಿಗೆ ಅರ್ಥವಾಗಲು ಹದಿಮೂರು ವರ್ಷ ಹಿಡಿಯಿತು. 2009ರಲ್ಲಿ ಪಟ್ಟಿಯೇ ಹೋಗಿ, ಪಿಯುಸಿ ಮಟ್ಟದ ಪರೀಕ್ಷೆ ಪಾಸಾದ ಮೇಲಿನ ಯಾವ ಕೋರ್ಸಾದರೂ ಸರಿ ಎಂದಾಯಿತು. ಕನ್ನಡ ಎಂ.ಎ. ಉನ್ನತ ಶಿಕ್ಷಣವಾಯಿತು.

ಅದೇ 2009ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಯೋಜನೆ ತಂದಿತು. ತಂದೆತಾಯಿಯ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿ ಮೀರದ ವಿದ್ಯಾರ್ಥಿಗಳ ಸಾಲಕ್ಕೆ, ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಭರಿಸುವ ಯೋಜನೆ. ಇದು ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ ಮಾತ್ರ! ತೆರಿಗೆ ಕಟ್ಟುವವರ ಮಕ್ಕಳಿಗೆ ಯಾವ ಓದಾದರೂ ಆಗಬಹುದು ಎಂದ ವರ್ಷವೇ, ಬಡವರ ಮಕ್ಕಳಿಗೆ ಇಂಥ ಓದೇ ಆಗಬೇಕು ಎಂಬ ನಿಯಮ ಬಂತು.

ಬೋಧನಾ ಶುಲ್ಕ ಮಾತ್ರ

ಸಾಲ ಮಾಡದೆ ಶುಲ್ಕ ಕಟ್ಟುವ ತಂದೆತಾಯಿಗಳಿಗೆ ರಿಯಾಯಿತಿ ಬಂದದ್ದು 2003ರಲ್ಲಿ, ಮಗುವೊಂದಕ್ಕೆ 12,000 ರೂಪಾಯಿ ಮಿತಿಯಲ್ಲಿ. 2005ರಿಂದ ಅದು 80-ಸಿ ಕಲಮಿಗೆ ಸೇರಿ, ವಿಮೆ, ಭವಿಷ್ಯನಿಧಿಗಳ ಜೊತೆ ಒಂದೇ ಚೀಲಕ್ಕೆ ಬಿತ್ತು. ಚೀಲದ ಗಾತ್ರ ಮೊದಲು 1 ಲಕ್ಷ, 2014ರಿಂದ 1.5 ಲಕ್ಷ. ಷರತ್ತುಗಳು ಓದಲು ಚುಟುಕು: ಇಬ್ಬರು ಮಕ್ಕಳಿಗೆ ಮಾತ್ರ, ಭಾರತದ ಶಾಲೆ ಕಾಲೇಜಿನಲ್ಲಿ ಪೂರ್ಣಾವಧಿ ಓದು, ಬೋಧನಾ ಶುಲ್ಕ ಮಾತ್ರ. ಅಭಿವೃದ್ಧಿ ಶುಲ್ಕ, ಡೊನೇಷನ್ ಸೇರುವುದಿಲ್ಲ. ಡೊನೇಷನ್‌ಗೆ ರಸೀದಿ ಕೊಡುವವರೇ ವಿರಳ ಎಂಬುದು ಬೇರೆ ಮಾತು.

ತ್ಯಾಮಗೊಂಡ್ಲುವಿನಂಥ ಊರಿನ ವಿದ್ಯಾರ್ಥಿಗೆ ಬೋಧನಾ ಶುಲ್ಕ ಖರ್ಚಿನ ಒಂದು ತುಣುಕು. ಸರ್ಕಾರಿ ಪದವಿ ಕಾಲೇಜಿಗೆ ಸೇರಿದರಂತೂ ಅದು ತೀರ ಚಿಕ್ಕ ತುಣುಕು. ಬಸ್ ಪಾಸ್, ಪೇಯಿಂಗ್ ಗೆಸ್ಟ್ ಬಾಡಿಗೆ, ಮೆಸ್ ಬಿಲ್ಲು, ಪುಸ್ತಕ, ಲ್ಯಾಪ್‌ಟಾಪ್ ಇವೇ ದೊಡ್ಡವು. ವಾರಾನ್ನದ ಕಾಲದ ಊಟ ವಸತಿಯ ಸಮಸ್ಯೆ ಹಾಗೆಯೇ ಇದೆ, 80-ಸಿ ಅದನ್ನು ಕಾಣುವುದಿಲ್ಲ. ಅದನ್ನು ಕಂಡದ್ದು ಕರ್ನಾಟಕ ಸರ್ಕಾರದ ‘ವಿದ್ಯಾಸಿರಿ’. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ಯೋಜನೆಯಾಗಿ ಅದು 2013ರಲ್ಲಿ ಶುರುವಾಯಿತು.

ತೆರಿಗೆ ರಿಯಾಯಿತಿಯ ಗಣಿತವನ್ನೂ ಒಮ್ಮೆ ನೋಡಬೇಕು. ವರ್ಷಕ್ಕೆ 60,000 ರೂಪಾಯಿ ಬಡ್ಡಿ ಕಟ್ಟುವ ಮೂವರು ಪಾಲಕರಿದ್ದಾರೆ ಎನ್ನೋಣ. ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ 30ರ ಹಂತದಲ್ಲಿರುವವನಿಗೆ 18,000 ರೂಪಾಯಿ ಉಳಿಯುತ್ತದೆ. ಶೇ 20ರ ಹಂತದವನಿಗೆ 12,000. ತೆರಿಗೆಯೇ ಬಾರದ ರೈತನಿಗೆ ಸೊನ್ನೆ. ಬಡ್ಡಿ ಮೂವರಿಗೂ ಒಂದೇ. ಸಂಬಳ ಹೆಚ್ಚಿದಷ್ಟೂ ಸರ್ಕಾರದ ನೆರವು ಹೆಚ್ಚು ಎಂಬುದು ಇದರ ನೇರ ಅರ್ಥ.

ಅಮೆರಿಕದಲ್ಲಿ ಈ ತೊಡಕನ್ನು ಸ್ವಲ್ಪ ಮಟ್ಟಿಗೆ ಬಿಡಿಸಿದ್ದಾರೆ. ಅಲ್ಲಿ 1997ರಲ್ಲಿ ಬಂದ ಶಿಕ್ಷಣ ತೆರಿಗೆ ‘ಕ್ರೆಡಿಟ್’ ಆದಾಯದಿಂದ ಕಳೆಯುವಂಥದಲ್ಲ, ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯುವಂಥದು. ಸಂಬಳ ಎಷ್ಟೇ ಇರಲಿ, ಒಂದು ಡಾಲರ್ ಕ್ರೆಡಿಟ್ ಎಂದರೆ ಒಂದು ಡಾಲರ್ ಉಳಿತಾಯ. ಆದಾಯ ತೀರ ಹೆಚ್ಚಾದವರಿಗೆ ಅದು ಇಲ್ಲ. 2009ರ ಕಾಯ್ದೆ ಮೊದಲ ನಾಲ್ಕು ವರ್ಷದ ಕಾಲೇಜು ಓದಿಗೆ ವರ್ಷಕ್ಕೆ 2,500 ಡಾಲರ್‌ವರೆಗೆ ಕೊಟ್ಟು, ಅದರಲ್ಲಿ 1,000 ಡಾಲರ್‌ವರೆಗಿನ ಭಾಗವನ್ನು ತೆರಿಗೆಯೇ ಇಲ್ಲದವರಿಗೂ ನಗದಾಗಿ ಮರಳಿಸುವ ಏರ್ಪಾಡು ಮಾಡಿತು. ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಪರಿಚಿತ. ಬೆಂಗಳೂರಿನಿಂದ ವಿದ್ಯಾರ್ಥಿ ವೀಸಾದಲ್ಲಿ ಹೋದ ಹುಡುಗನನ್ನು ಮಾತ್ರ ಆರಂಭದ ವರ್ಷಗಳಲ್ಲಿ ಅಲ್ಲಿನ ತೆರಿಗೆ ಕಾನೂನು ‘ಅನಿವಾಸಿ’ ಎಂದೇ ಎಣಿಸುವುದರಿಂದ ಸಾಮಾನ್ಯವಾಗಿ ಅವನಿಗೆ ಈ ಕ್ರೆಡಿಟ್ ಸಿಗದು. ಎರಡು ದೇಶಗಳ 1989ರ ತೆರಿಗೆ ಒಪ್ಪಂದ ಭಾರತೀಯ ವಿದ್ಯಾರ್ಥಿಗೆ ಬೇರೊಂದು ಅನುಕೂಲ ಮಾಡಿದೆ: ಅಲ್ಲಿನವರಿಗಿರುವ ಪ್ರಮಾಣಿತ ಕಡಿತ ಇವನಿಗೂ ಸಲ್ಲುತ್ತದೆ.

ಮತ್ತೆ ಸೆಸ್ಸು, ಮತ್ತೆ ಭೂಮಿ

ರೈಸ್ ಅವರ ಕಾಲದ ಸೆಸ್ಸು 2004ರಲ್ಲಿ ದೊಡ್ಡ ರೂಪದಲ್ಲಿ ಮರಳಿ ಬಂತು. ಕೇಂದ್ರದ ತೆರಿಗೆಗಳ ಮೇಲೆ ಶೇ 2ರ ಶಿಕ್ಷಣ ಸೆಸ್, 2007ರಲ್ಲಿ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೂ ಶೇ 1. ಹೋಬಳಿಯ ಸೆಸ್ಸು ಹೋಬಳಿಯ ಶಾಲೆಗೆ ಹೋದಂತೆ ಇದು ಕಾಲೇಜಿಗೆ ಹೋಯಿತೆ? ಮಹಾಲೇಖಪಾಲರ ವರದಿಯ ಪ್ರಕಾರ 2006–07ರಿಂದ 2016–17ರವರೆಗೆ ಈ ಶೇ 1ರ ಸೆಸ್ಸಿನಿಂದ 83,497 ಕೋಟಿ ರೂಪಾಯಿ ಸಂಗ್ರಹವಾಗಿತ್ತು. ಅದಕ್ಕಾಗಿ ಪ್ರತ್ಯೇಕ ನಿಧಿ ರಚಿಸಲು ಕೇಂದ್ರ ಸಂಪುಟ ಒಪ್ಪಿದ್ದು 2017ರ ಆಗಸ್ಟಿನಲ್ಲಿ. 2018ರಲ್ಲಿ ಎರಡೂ ಸೆಸ್ಸುಗಳು ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ಸಿನಲ್ಲಿ ಕರಗಿದವು.

ರಾಜ್ಯದಲ್ಲಿ 2021ರಲ್ಲಿ ಆರಂಭವಾದ ‘ರೈತ ವಿದ್ಯಾನಿಧಿ’ ಹಳೆಯ ಎಳೆಯೊಂದನ್ನು ಮತ್ತೆ ಹಿಡಿಯಿತು. ರೈತರ ಮಕ್ಕಳಿಗೆ ಕೋರ್ಸಿಗೆ ತಕ್ಕಂತೆ ವಾರ್ಷಿಕ ವಿದ್ಯಾರ್ಥಿವೇತನ, ಪದವಿಯಲ್ಲಿ ಹುಡುಗರಿಗೆ 5,000 ರೂಪಾಯಿ, ಹುಡುಗಿಯರಿಗೆ 5,500, ವೈದ್ಯಕೀಯ, ಎಂಜಿನಿಯರಿಂಗ್ ಓದಿಗೆ 10,000 ಮತ್ತು 11,000. ಮೊತ್ತ ಸಣ್ಣದು. ಗಮನಿಸಬೇಕಾದದ್ದು ಅರ್ಹತೆಯನ್ನು ನೋಡಿದ ರೀತಿ. ಜಮೀನಿನ ದಾಖಲೆಗೆ ಜೋಡಿಸಿದ ರೈತರ ಗುರುತಿನ ಸಂಖ್ಯೆಯೇ ಇಲ್ಲಿ ಆಧಾರ. ತೆರಿಗೆಯ ಹೊರಗಿದ್ದ ಮನೆ ಪಹಣಿಯ ಮೂಲಕ ಒಳಗೆ ಬಂತು. ಪಹಣಿಯಲ್ಲಿ ಹೆಸರಿಲ್ಲದೆ ಕೂಲಿ ಮಾಡುವವರ ಮಕ್ಕಳು 1868ರಲ್ಲಿದ್ದಂತೆಯೇ ಮೊದಲಿಗೆ ಹೊರಗೆ ಉಳಿದರು. ಆಮೇಲೆ ಕೃಷಿ ಕಾರ್ಮಿಕರು, ನೇಕಾರರು, ಮೀನುಗಾರರ ಮಕ್ಕಳಿಗೂ ಅದನ್ನು ವಿಸ್ತರಿಸಲಾಯಿತು. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ‘ಪಿಎಂ ವಿದ್ಯಾಲಕ್ಷ್ಮಿ’ ಯೋಜನೆಯಲ್ಲಿ ಆದಾಯದ ಮಿತಿ 8 ಲಕ್ಷಕ್ಕೆ ಏರಿದೆ, 10 ಲಕ್ಷದವರೆಗಿನ ಸಾಲಕ್ಕೆ ಶೇ 3ರ ಬಡ್ಡಿ ರಿಯಾಯಿತಿ ಇದೆ. ಆದರೆ ಸೇರಿದ ಕಾಲೇಜು ರಾಷ್ಟ್ರೀಯ ಶ್ರೇಯಾಂಕದ ಆಧಾರದ ಮೇಲೆ ಆರಿಸಿದ ಸಂಸ್ಥೆಗಳ ಪಟ್ಟಿಯಲ್ಲಿರಬೇಕು.

ತೆರಿಗೆಯ ದಾರಿ ಇತ್ತ ಕಿರಿದಾಗುತ್ತಿದೆ. 2020ರಲ್ಲಿ ಬಂದ ಹೊಸ ತೆರಿಗೆ ಪದ್ಧತಿಯಲ್ಲಿ ದರ ಕಡಿಮೆ, ಆದರೆ ಬೋಧನಾ ಶುಲ್ಕದ ರಿಯಾಯಿತಿಯೂ ಇಲ್ಲ, ಶಿಕ್ಷಣ ಸಾಲದ ಬಡ್ಡಿಯ ರಿಯಾಯಿತಿಯೂ ಇಲ್ಲ. 2023ರಿಂದ ತಾನಾಗಿ ಅನ್ವಯವಾಗುವುದು ಈ ಪದ್ಧತಿಯೇ, ಹಳೆಯದು ಬೇಕಾದವರು ಕೇಳಿ ಪಡೆಯಬೇಕು. 2025ರ ಬಜೆಟ್ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬಾರದಂತೆ ಮಾಡಿದ ಮೇಲೆ ಮಧ್ಯಮ ಸಂಬಳದ ಬಹುಪಾಲು ಮನೆಗಳಿಗೆ ಹಳೆಯದನ್ನು ಕೇಳುವ ಕಾರಣವೂ ಉಳಿದಿಲ್ಲ. ಅದೇ ವರ್ಷ ಸಂಸತ್ತು ಒಪ್ಪಿದ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಗೊತ್ತುಮಾಡಿತು. ಹಳೆಯ ಪದ್ಧತಿಯವರಿಗೆ ಬಡ್ಡಿಯ ರಿಯಾಯಿತಿ ಅದರಲ್ಲೂ ಇದೆ, 80-ಇ ಎಂಬ ಹೆಸರು ಹೋಗಿದೆ.

ಹಳೆಯ ಪದ್ಧತಿಯಲ್ಲೇ ಉಳಿಯುವವರು ಒಂದು ವಿಷಯ ನೆನಪಿಡಬೇಕು. ಎಂಟು ವರ್ಷದ ಗಡುವು ಸಾಲ ತೆಗೆದ ದಿನದಿಂದಲ್ಲ, ಬಡ್ಡಿ ಕಟ್ಟಲು ತೊಡಗಿದ ವರ್ಷದಿಂದ. ಬಡ್ಡಿ ಬೆಳೆಯದಿರಲೆಂದು, ತೆರಿಗೆಯೇ ಬಾರದ ಓದಿನ ದಿನಗಳಲ್ಲೇ ಸಾಲಗಾರ ಬಡ್ಡಿ ಕಟ್ಟತೊಡಗಿದರೆ ಆ ವರ್ಷಗಳೂ ಎಂಟರಲ್ಲಿ ಕಳೆಯುತ್ತವೆ. ಸಾಲ, ಬಡ್ಡಿ ಎರಡೂ ತೆರಿಗೆ ಕಟ್ಟುವವರ ಹೆಸರಿನಲ್ಲಿರಬೇಕು. ಕೆಲಸಕ್ಕೆ ಸೇರಿದ ಅಣ್ಣ ತಂಗಿಯ ಸಾಲದ ಕಂತು ಕಟ್ಟಿದರೆ, ಬ್ಯಾಂಕು ಹಣ ತೆಗೆದುಕೊಳ್ಳುತ್ತದೆ, ರಿಯಾಯಿತಿ ಇಬ್ಬರಿಗೂ ಇಲ್ಲ.